ಟಿಕೆಟ್ ದರ ಏರಿಸಿದರೆ ಸ್ಟ್ರೈಕರ್ ಬರುತ್ತಾನೆಯೇ?

ಪ್ರಶ್ನೆ: ನಾವು ಐದಾರು ಗೆಳೆಯರು ವಾರಾಂತ್ಯಕ್ಕೆ ಇಂಗ್ಲಿಷ್ ಪ್ರೀಮಿಯರ್ ಲೀಗ್ ನೋಡುವವರು. ಹೆಚ್ಚಿನವರು ಮ್ಯಾಂಚೆಸ್ಟರ್ ಯುನೈಟೆಡ್ ಕಡೆ, ಇಬ್ಬರು ಚೆಲ್ಸಿ. ನಮ್ಮಲ್ಲೊಬ್ಬ ಈಗ ಇಂಗ್ಲೆಂಡಿನಲ್ಲೇ ಕೆಲಸದಲ್ಲಿದ್ದಾನೆ. ಯುನೈಟೆಡ್ ಟಿಕೆಟನ್ನು 66 ಪೌಂಡ್ ಮಾಡಿದಾಗಿನಿಂದ ಜಗಳ ನಿಂತಿಲ್ಲ. ದರ ಏರಿಸದೆ ಆಟಗಾರರನ್ನು ಕೊಳ್ಳಲು ಲೀಗ್ ನಿಯಮ ಬಿಡುವುದಿಲ್ಲ ಎಂದು ಒಬ್ಬ. ಶತಕೋಟ್ಯಧೀಶ ಮಾಲೀಕ ಜೇಬಿನಿಂದ ಹಾಕಲಿ ಎಂದು ಇನ್ನೊಬ್ಬ. ತಮ್ಮ ಅಕಾಡೆಮಿಯಲ್ಲೇ ಬೆಳೆದ ಮೆಕ್‌ಟಾಮಿನೆ, ಮೌಂಟ್, ಗ್ಯಾಲಗರ್ ಅವರನ್ನು ಮಾರಿ ಹೊರಗಿನವರನ್ನು ತರುವುದು ಯಾವ ಲೆಕ್ಕ? ಒಪ್ಪಂದ ಮುಗಿಯುವವರೆಗೆ ಕಾದು ಪುಕ್ಕಟೆ ಹೊರಟುಹೋಗುವ ಆಟಗಾರನನ್ನು ದ್ರೋಹಿ ಎನ್ನಬಹುದೇ?

ಉತ್ತರ: ಟಿಕೆಟ್ ದರ ಏರಿಸಿದ ಹಣದಿಂದ ಗೋಲು ಹೊಡೆಯುವ ಯಾವ ಸ್ಟ್ರೈಕರೂ ಬರುವುದಿಲ್ಲ. ಮಾಲೀಕ ಎಷ್ಟೇ ಶ್ರೀಮಂತನಾದರೂ ಮನಸ್ಸಿಗೆ ಬಂದಷ್ಟು ಸುರಿಯುವಂತೆಯೂ ಇಲ್ಲ. ನಿಮ್ಮ ಗೆಳೆಯರಿಬ್ಬರದ್ದೂ ಅರ್ಧ ಸತ್ಯ. ಈ ಜಗಳ ಬಗೆಹರಿಯದಿರಲು ಕಾರಣ, ಮೂರು ಬೇರೆ ಬೇರೆ ಲೆಕ್ಕಗಳನ್ನು ಒಂದೇ ಎಂದುಕೊಂಡು ವಾದಿಸುವುದು: ಬ್ಯಾಂಕಿನಲ್ಲಿರುವ ನಗದು, ಪುಸ್ತಕದಲ್ಲಿ ತೋರಿಸುವ ಲಾಭ ನಷ್ಟ, ಮತ್ತು ಲೀಗ್ ಒಪ್ಪುವ ನಷ್ಟದ ಮಿತಿ. ಮೂರೂ ಬೇರೆ. ಕೈಯಲ್ಲಿ ನಗದು ತುಂಬಿದ್ದೂ ನಿಯಮ ಮುರಿಯಬಹುದು. ಪುಸ್ತಕದಲ್ಲಿ ಲಾಭ ತೋರಿಸಿಯೂ ಸಂಬಳಕ್ಕೆ ಪರದಾಡಬಹುದು.

ಯುನೈಟೆಡ್‌ನಿಂದಲೇ ಶುರು ಮಾಡೋಣ. ನ್ಯೂಯಾರ್ಕ್ ಷೇರುಪೇಟೆಯಲ್ಲಿರುವ ಕ್ಲಬ್ ಆದ್ದರಿಂದ ಮೂರು ತಿಂಗಳಿಗೊಮ್ಮೆ ಲೆಕ್ಕ ಹೊರಬರುತ್ತದೆ, ಊಹೆಗೆ ಕೆಲಸ ಕಡಿಮೆ. 2025ರ ಜೂನ್ 30ಕ್ಕೆ ಮುಗಿದ ವರ್ಷದಲ್ಲಿ ಒಟ್ಟು ಆದಾಯ 666.5 ಮಿಲಿಯನ್ ಪೌಂಡ್ (ಒಂದು ಮಿಲಿಯನ್ ಎಂದರೆ ಹತ್ತು ಲಕ್ಷ). ಇದರಲ್ಲಿ ಪ್ರಾಯೋಜಕರು, ಜರ್ಸಿ ಮಾರಾಟ ಇತ್ಯಾದಿ ವಾಣಿಜ್ಯ ಬಾಬ್ತು 333.3, ಟಿವಿ ಹಕ್ಕು 172.9, ಪಂದ್ಯದ ದಿನದ ಗಳಿಕೆ 160.3. ಖರ್ಚಿನ ಕಡೆ ಎಲ್ಲ ನೌಕರರೂ ಸೇರಿ ಸಂಬಳ 313.2. ಕೊಂಡ ಆಟಗಾರರ ಬೆಲೆಯನ್ನು ವರ್ಷಗಳಿಗೆ ಹಂಚಿ ಬರೆಯುವ ಅಮಾರ್ಟೈಸೇಶನ್ 200ಕ್ಕೆ ಹತ್ತಿರ. ಇವೆರಡೇ ಆದಾಯದ ಮುಕ್ಕಾಲು ಪಾಲನ್ನು ನುಂಗಿದವು. ವರ್ಷದ ಕೊನೆಗೆ 33 ಮಿಲಿಯನ್ ನಷ್ಟ. ಅದರ ಹಿಂದಿನ ವರ್ಷದ ನಷ್ಟ 113.2.

ಈಗ ಆ 66 ಪೌಂಡ್. 2024ರ ನವೆಂಬರ್‌ನಲ್ಲಿ, ಸೀಸನ್ನಿನ ಮಧ್ಯದಲ್ಲಿ, ಸದಸ್ಯರಿಗೆ ಮಾರಲು ಉಳಿದಿದ್ದ ಟಿಕೆಟ್‌ಗಳಿಗೆಲ್ಲ ಒಂದೇ ದರ ಬಂತು. ಅದುವರೆಗೆ ದೊಡ್ಡವರಿಗೆ 40 ಪೌಂಡಿನಿಂದ, ಮಕ್ಕಳಿಗೆ 25ರಿಂದ ಸಿಗುತ್ತಿತ್ತು. ಮಕ್ಕಳಿಗೂ ಹಿರಿಯರಿಗೂ ಇದ್ದ ರಿಯಾಯಿತಿ ಹೋಯಿತು. ಇದರಿಂದ ಬಂದದ್ದೆಷ್ಟು? ಪಂದ್ಯಕ್ಕೆ 2,000 ಸೀಟು, ಸೀಟಿಗೆ 26 ಪೌಂಡ್ ಹೆಚ್ಚಳ, ಹತ್ತು ಪಂದ್ಯ ಎಂದು ಹಿಡಿಯಿರಿ. 5.2 ಲಕ್ಷ ಪೌಂಡ್. ಇಲ್ಲಿ ಬಹುತೇಕರು ಮರೆಯುವ ಒಂದು ಸಂಗತಿ ಇದೆ: ಬ್ರಿಟನ್ನಿನಲ್ಲಿ ಫುಟ್‌ಬಾಲ್ ಟಿಕೆಟ್ ಬೆಲೆಯೊಳಗೇ ಶೇ 20 ವ್ಯಾಟ್ ಸೇರಿರುತ್ತದೆ. 66 ಪೌಂಡ್ ಟಿಕೆಟ್‌ನಲ್ಲಿ 11 ಪೌಂಡ್ ಸರ್ಕಾರದ್ದು, ಕ್ಲಬ್‌ಗೆ 55. ಹಾಗಾಗಿ ನಮ್ಮ 5.2 ಲಕ್ಷ 4.33 ಲಕ್ಷಕ್ಕೆ ಇಳಿಯುತ್ತದೆ. ಸಂಬಳದ 313 ಮಿಲಿಯನ್ನನ್ನು 365ರಿಂದ ಭಾಗಿಸಿದರೆ ದಿನಕ್ಕೆ ಎಂಟೂವರೆ ಲಕ್ಷ. ಮಕ್ಕಳ ಟಿಕೆಟ್ ಮೇಲೂ ಕೈ ಹಾಕಿ ಗಳಿಸಿದ್ದು ಕ್ಲಬ್ಬಿನ ಅರ್ಧ ದಿನದ ಸಂಬಳ.

ಸೀಸನ್ ಟಿಕೆಟ್‌ಗೆ ಬನ್ನಿ. 50,000 ಸೀಸನ್ ಟಿಕೆಟ್, ಸರಾಸರಿ 700 ಪೌಂಡ್ ಎಂದುಕೊಂಡರೆ 35 ಮಿಲಿಯನ್. ಶೇ 5 ಏರಿಸಿದರೆ 17.5 ಲಕ್ಷ, ವ್ಯಾಟ್ ಕಳೆದು 14.6 ಲಕ್ಷ. ಎರಡು ದಿನದ ಸಂಬಳಕ್ಕೂ ಸಾಲದು. ಇದಕ್ಕೆ ಎದುರಾಗಿ ಇನ್ನೊಂದು ಅಂಕಿ ಇಡಿ. 2024-25ರಲ್ಲಿ ಯುನೈಟೆಡ್ ತನ್ನ ತವರು ಓಲ್ಡ್ ಟ್ರಾಫರ್ಡ್‌ನಲ್ಲಿ ಎಲ್ಲ ಟೂರ್ನಿ ಸೇರಿ 30ರ ಆಸುಪಾಸು ಪಂದ್ಯ ಆಡಿತು. 160 ಮಿಲಿಯನ್ನನ್ನು ಹಂಚಿದರೆ ಪಂದ್ಯಕ್ಕೆ 5 ಮಿಲಿಯನ್ ದಾಟುತ್ತದೆ. ಆ ವರ್ಷ ಯುರೋಪಾ ಲೀಗ್ ಫೈನಲ್ ತನಕ ಹೋಗಿ, ಬಿಲ್ಬಾವೊದಲ್ಲಿ ಟಾಟೆನ್‌ಹ್ಯಾಮ್‌ಗೆ 1-0ಯಿಂದ ಸೋತದ್ದರಿಂದ ಮುಂದಿನ ಸೀಸನ್ನಿನಲ್ಲಿ ಯುರೋಪಿನ ಪಂದ್ಯವೇ ಇಲ್ಲವಾಯಿತು. ತವರಿನ ಒಂದೇ ಒಂದು ಯುರೋಪಿಯನ್ ಪಂದ್ಯ ಕೈತಪ್ಪಿದರೆ ಆಗುವ ನಷ್ಟ, ಸೀಸನ್ ಟಿಕೆಟ್ ಶೇ 5 ಏರಿಸಿದ್ದರಿಂದ ಮೂರು ವರ್ಷದಲ್ಲಿ ಬರುವ ಹೆಚ್ಚುವರಿಗಿಂತ ಹೆಚ್ಚು. ಮೈದಾನದಲ್ಲಿ ಕಳೆದುಕೊಂಡದ್ದನ್ನು ಗ್ಯಾಲರಿಯಲ್ಲಿ ಹೆಕ್ಕಲು ಹೊರಟಂತೆ.

ಹಾಗಾದರೆ ಏರಿಸುವುದೇಕೆ? ಅತಿ ಸುಲಭದ ಹಣ ಅದೇ. ಟಿವಿ ಒಪ್ಪಂದ ಲೀಗಿನ ಕೈಯಲ್ಲಿದೆ: 2025-26ರಿಂದ ನಾಲ್ಕು ವರ್ಷಕ್ಕೆ ದೇಶದೊಳಗಿನ ಹಕ್ಕು 6.7 ಬಿಲಿಯನ್ ಪೌಂಡ್, ಅದರಲ್ಲಿ ಅರ್ಧ ಎಲ್ಲರಿಗೂ ಸಮಪಾಲು, ಕಾಲು ಭಾಗ ಅಂಕಪಟ್ಟಿಯ ಸ್ಥಾನಕ್ಕೆ, ಕಾಲು ಭಾಗ ನೇರ ಪ್ರಸಾರವಾದ ಪಂದ್ಯಗಳ ಸಂಖ್ಯೆಗೆ. ಪ್ರಾಯೋಜಕರ ಒಪ್ಪಂದ ವರ್ಷಗಟ್ಟಲೆಗೆ ಸಹಿಯಾಗಿರುತ್ತದೆ. ಸಂಬಳವನ್ನು ಒಪ್ಪಂದ ಮುಗಿಯುವ ಮೊದಲು ಕಡಿತ ಮಾಡುವಂತಿಲ್ಲ. ಒಂದು ಮಂಡಳಿ ಸಭೆಯಲ್ಲಿ ತೀರ್ಮಾನಿಸಿ ಮರುದಿನವೇ ಜಾರಿಗೆ ತರಬಹುದಾದ ಸಂಖ್ಯೆ ಟಿಕೆಟ್ ದರ ಒಂದೇ. ಅಭಿಮಾನಿ ಬೇರೆ ಅಂಗಡಿಗೆ ಹೋಗುವುದಿಲ್ಲ ಎಂಬ ಧೈರ್ಯವೂ ಇದೆ. ಅಪ್ಪ, ಅಜ್ಜ ಕೂತ ಸೀಟು ಬಿಟ್ಟು ಪಕ್ಕದ ಊರಿನ ಕ್ಲಬ್‌ಗೆ ಯಾರೂ ವಲಸೆ ಹೋಗುವುದಿಲ್ಲವಲ್ಲ.

ಪಂದ್ಯದ ದಿನದ ಆದಾಯ ನಿಜವಾಗಿ ಬೆಳೆಯುವುದು ಬೇರೆ ದಾರಿಯಲ್ಲಿ. ಸಾಮಾನ್ಯ ಸೀಟುಗಳ ಒಂದು ಬ್ಲಾಕನ್ನು ತೆಗೆದು ಊಟ, ಪಾನೀಯ ಸೇರಿದ ಹಾಸ್ಪಿಟಾಲಿಟಿ ಸೀಟು ಮಾಡುವುದು. ರಿಯಾಯಿತಿ ವಯಸ್ಸನ್ನು ಏರಿಸುವುದು. ಪಂದ್ಯಗಳನ್ನು ಎ, ಬಿ, ಸಿ ವರ್ಗ ಮಾಡಿ ದೊಡ್ಡ ಪಂದ್ಯಕ್ಕೆ ದೊಡ್ಡ ದರ ಇಡುವುದು. ವರ್ಷಕ್ಕೊಮ್ಮೆ ಬರುವ ಪ್ರವಾಸಿಗೆ ಮಾರುವುದು. ಸ್ಥಳೀಯನಾಗಿ ವರ್ಷಕ್ಕೆ 19 ಪಂದ್ಯಕ್ಕೆ ಬರುವವನು ಪಂದ್ಯಕ್ಕೊಂದು ಜರ್ಸಿ ಕೊಳ್ಳುವುದಿಲ್ಲ. ದೂರದಿಂದ ಬಂದವನು ಜರ್ಸಿ, ಸ್ಕಾರ್ಫು, ಮಗ್ಗು ಎಲ್ಲ ಕೊಳ್ಳುತ್ತಾನೆ. ನಾವು ನೀವು ಬೆಂಗಳೂರಿನಿಂದ ಹೋದರೆ ಆ ಲೆಕ್ಕದಲ್ಲಿ ಲಾಭದಾಯಕ ಗಿರಾಕಿಗಳು, ಗ್ಯಾಲರಿಯ ಹಳಬರ ಸಿಟ್ಟಿಗೆ ಅರಿವಿಲ್ಲದೇ ಕಾರಣರು.

ಅಭಿಮಾನಿಗಳ ಒತ್ತಡಕ್ಕೆ ಬೆಲೆ ಇಲ್ಲ ಎಂದುಕೊಳ್ಳಬೇಡಿ. 2016ರ ಫೆಬ್ರುವರಿ 6ರಂದು ಲಿವರ್‌ಪೂಲ್‌ನ ತವರು ಆನ್‌ಫೀಲ್ಡ್‌ನಲ್ಲಿ, ಹೊಸ ಸ್ಟ್ಯಾಂಡಿಗೆ 77 ಪೌಂಡ್ ಟಿಕೆಟ್ ಘೋಷಿಸಿದ್ದನ್ನು ವಿರೋಧಿಸಿ, ಸಂಡರ್ಲೆಂಡ್ ವಿರುದ್ಧದ ಪಂದ್ಯದ 77ನೇ ನಿಮಿಷಕ್ಕೆ ಸುಮಾರು 10,000 ಮಂದಿ ಎದ್ದು ಹೊರಟರು. 2-0 ಮುಂದಿದ್ದ ಲಿವರ್‌ಪೂಲ್ 2-2ಕ್ಕೆ ಇಳಿಯಿತು. ವಾರ ಕಳೆಯುವ ಮೊದಲೇ ಮಾಲೀಕರು ಕ್ಷಮೆ ಕೇಳಿ ಆ ದರ ಹಿಂದಕ್ಕೆ ಪಡೆದರು. ಅದೇ ವರ್ಷ ಪ್ರೀಮಿಯರ್ ಲೀಗ್ ಕ್ಲಬ್‌ಗಳು ಹೊರ ಊರಿನ ತಂಡದ ಬೆಂಬಲಿಗರಿಗೆ 30 ಪೌಂಡ್ ಮಿತಿ ಒಪ್ಪಿಕೊಂಡವು. ಯುನೈಟೆಡ್ ಕೂಡ ತನ್ನ 66 ಪೌಂಡನ್ನು ಎಲ್ಲ ಸೀಟುಗಳಿಗೆ ಹರಡುವ ಧೈರ್ಯ ಮಾಡಲಿಲ್ಲ. 2025-26ಕ್ಕೆ ಸೀಸನ್ ಟಿಕೆಟ್ ಏರಿಕೆ ಶೇ 5ಕ್ಕೆ ನಿಂತಿತು, 16ರೊಳಗಿನವರಿಗೆ ಏರಿಕೆ ಇರಲಿಲ್ಲ.

ಜರ್ಮನಿಯನ್ನು ಎತ್ತಿ ವಾದ ಮಾಡುವವರು ನಿಮ್ಮ ಗುಂಪಿನಲ್ಲೂ ಇರಬಹುದು. ಡಾರ್ಟ್ಮುಂಡ್‌ನ ದಕ್ಷಿಣ ಗ್ಯಾಲರಿಯಲ್ಲಿ ಸುಮಾರು 25,000 ಜನ ನಿಂತೇ, ಇಂಗ್ಲೆಂಡಿಗಿಂತ ಬಹಳ ಕಡಿಮೆ ದರದಲ್ಲಿ ಪಂದ್ಯ ನೋಡುತ್ತಾರೆ, ನಿಜ. ಅಲ್ಲಿ ಕ್ಲಬ್ಬಿನ ಬಹುಮತದ ಮತ ಸದಸ್ಯರ ಸಂಘದ ಕೈಯಲ್ಲಿರಬೇಕೆಂಬ ನಿಯಮವಿದೆ. ಕಡಿಮೆ ದರ ಉದಾರತೆಯಿಂದಲ್ಲ, ಮತದಿಂದ ಬಂದದ್ದು. 2024ರ ಫೆಬ್ರುವರಿಯಲ್ಲಿ ಲೀಗಿಗೆ ಹೊರಗಿನ ಹೂಡಿಕೆದಾರರನ್ನು ತರುವ ಯೋಜನೆ ಕೈಬಿಡಬೇಕಾದದ್ದು ಮೈದಾನಕ್ಕೆ ವಾರಗಟ್ಟಲೆ ಬಿದ್ದ ಟೆನಿಸ್ ಚೆಂಡುಗಳಿಂದ.

ಮಾಲೀಕನ ಜೇಬಿನ ಪ್ರಶ್ನೆಗೆ ಬರೋಣ. 2025-26ರ ಸೀಸನ್ ತನಕ ಪ್ರೀಮಿಯರ್ ಲೀಗಿನಲ್ಲಿ ನಡೆದದ್ದು ಪಿಎಸ್‌ಆರ್ ಎಂಬ ನಿಯಮ. ಮೂರು ವರ್ಷ ಒಟ್ಟು ಸೇರಿಸಿ ನಷ್ಟ 105 ಮಿಲಿಯನ್ ಪೌಂಡ್ ದಾಟಬಾರದು. ಅದರಲ್ಲೂ ಮಾಲೀಕ ಏನೂ ಹಾಕದಿದ್ದರೆ ಬರೀ 15. ಉಳಿದ 90ಕ್ಕೆ ಮಾಲೀಕ ಷೇರು ಬಂಡವಾಳದಂಥ ವಾಪಸು ಕೇಳದ ಹಣ ತುಂಬಬೇಕು. ಆ ಮೂರರಲ್ಲಿ ಎರಡನೇ ದರ್ಜೆಯ ಚಾಂಪಿಯನ್‌ಶಿಪ್‌ನಲ್ಲಿ ಆಡಿದ ಪ್ರತಿ ವರ್ಷಕ್ಕೆ ಮಿತಿ 35ರ ಬದಲು 13. ಕ್ರೀಡಾಂಗಣ ಕಟ್ಟಡ, ಅಕಾಡೆಮಿ, ಮಹಿಳಾ ತಂಡ, ಸಮುದಾಯ ಕೆಲಸಕ್ಕೆ ಹಾಕಿದ್ದನ್ನು ಈ ಲೆಕ್ಕದಿಂದ ಕಳೆಯುತ್ತಾರೆ. ಎವರ್ಟನ್ ಮಿತಿಯನ್ನು 19.5 ಮಿಲಿಯನ್ ಮೀರಿದ್ದಕ್ಕೆ 2023ರ ನವೆಂಬರ್‌ನಲ್ಲಿ 10 ಅಂಕ ಕಳೆದುಕೊಂಡಿತು; ಮೇಲ್ಮನವಿಯಲ್ಲಿ ಅದು 6 ಆಯಿತು; ಮುಂದಿನ ಅವಧಿಯ ಲೆಕ್ಕಕ್ಕೆ 2024ರ ಏಪ್ರಿಲ್‌ನಲ್ಲಿ ಮತ್ತೆ 2 ಹೋಯಿತು. ಮಾಲೀಕನ ಬಳಿ ಹಣ ಇದೆಯೋ ಇಲ್ಲವೋ ಎನ್ನುವುದು ಅಲ್ಲಿ ಪ್ರಶ್ನೆಯೇ ಅಲ್ಲ.

ಅಕಾಡೆಮಿ ಹುಡುಗರನ್ನು ಮಾರುವ ರೋಗಕ್ಕೆ ಬೇರು ಇರುವುದು ಇಲ್ಲಿ, ಈ ನಿಯಮ ಮತ್ತು ಅಮಾರ್ಟೈಸೇಶನ್ ಸೇರುವ ಜಾಗದಲ್ಲಿ. ಇದೊಂದನ್ನು ನಿಧಾನವಾಗಿ ನೋಡಿ. ಉಳಿದದ್ದೆಲ್ಲ ಇದರಿಂದ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಆಟಗಾರನನ್ನು 80 ಮಿಲಿಯನ್‌ಗೆ ಐದು ವರ್ಷದ ಒಪ್ಪಂದದ ಮೇಲೆ ತಂದರೆ, ಪುಸ್ತಕದಲ್ಲಿ ಆ ವರ್ಷದ ಖರ್ಚು 80 ಅಲ್ಲ, 16. ಮುಂದಿನ ನಾಲ್ಕು ವರ್ಷವೂ 16. ಎರಡು ವರ್ಷ ಕಳೆದ ಮೇಲೆ ಅವನ ಪುಸ್ತಕ ಬೆಲೆ, ಅಂದರೆ ಇನ್ನೂ ಖರ್ಚೆಂದು ಬರೆಯದೆ ಉಳಿದದ್ದು, 48. ಆಗ 60ಕ್ಕೆ ಮಾರಿದರೆ ಲಾಭ 12; 30ಕ್ಕೆ ಮಾರಿದರೆ ನಷ್ಟ 18. ಕೊಂಡ ಬೆಲೆ ಐದು ವರ್ಷಕ್ಕೆ ಹಂಚಿಹೋಗುತ್ತದೆ, ಮಾರಿದ ಲಾಭ ಮಾತ್ರ ಅದೇ ದಿನ ಪೂರ್ತಿ ಲೆಕ್ಕಕ್ಕೆ ಬರುತ್ತದೆ. ಅಕಾಡೆಮಿಯಲ್ಲಿ ಬೆಳೆದವನಿಗೆ ಕೊಂಡ ಬೆಲೆಯೇ ಇಲ್ಲ, ಪುಸ್ತಕ ಬೆಲೆ ಸೊನ್ನೆ. ಬಂದದ್ದೆಲ್ಲ ಲಾಭ.

ಮೇಸನ್ ಮೌಂಟ್ 2023ರ ಜುಲೈನಲ್ಲಿ ಚೆಲ್ಸಿಯಿಂದ ಯುನೈಟೆಡ್‌ಗೆ ಹೋದದ್ದು 55 ಮಿಲಿಯನ್‌ಗೆ, ಮೇಲೆ ಷರತ್ತಿನ 5. ಚೆಲ್ಸಿ ಪುಸ್ತಕದಲ್ಲಿ 55 ಪೂರ್ತಿ ಲಾಭ. ಯುನೈಟೆಡ್ ಪುಸ್ತಕದಲ್ಲಿ ವರ್ಷಕ್ಕೆ 11 ಖರ್ಚು. ಒಂದೇ ವ್ಯವಹಾರ, ಆ ವರ್ಷ ಇಬ್ಬರೂ ನೆಮ್ಮದಿಯಿಂದ ಮಲಗಿದರು. ಮರುವರ್ಷ ಯುನೈಟೆಡ್ ಸ್ಕಾಟ್ ಮೆಕ್‌ಟಾಮಿನೆಯನ್ನು ಸುಮಾರು 25 ಮಿಲಿಯನ್‌ಗೆ ನಾಪೋಲಿಗೆ ಕೊಟ್ಟು, ಅದೇ ದಿನಗಳಲ್ಲಿ ಪ್ಯಾರಿಸ್ಸಿನ ಪಿಎಸ್‌ಜಿ ಕ್ಲಬ್ಬಿನಿಂದ ಉಗಾರ್ಟೆಯನ್ನು ಸುಮಾರು 42ಕ್ಕೆ ಐದು ವರ್ಷದ ಒಪ್ಪಂದದಲ್ಲಿ ತಂದಿತು. ಉಗಾರ್ಟೆಯ ವಾರ್ಷಿಕ ಭಾರ ಎಂಟೂವರೆ. ಮೆಕ್‌ಟಾಮಿನೆ ಮಾರಿದ ಲಾಭದಲ್ಲಿ ಅದರ ಮೂರು ವರ್ಷ ತೀರಿತು. ಲೆಕ್ಕಿಗನ ಕಣ್ಣಿಗೆ ಒಳ್ಳೆಯ ವ್ಯಾಪಾರ. ಮೆಕ್‌ಟಾಮಿನೆ ಮಾತ್ರ ಮೊದಲ ಸೀಸನ್ನಿನಲ್ಲೇ ನಾಪೋಲಿಯೊಂದಿಗೆ ಇಟಲಿಯ ಲೀಗ್ ಗೆದ್ದು ಅಲ್ಲಿನ ಶ್ರೇಷ್ಠ ಆಟಗಾರನಾದ. ಪುಸ್ತಕ ಬೆಲೆ ಸೊನ್ನೆ ಎಂದರೆ ಆಟದ ಬೆಲೆ ಸೊನ್ನೆ ಅಲ್ಲ. ನಿಯಮ ಆ ವ್ಯತ್ಯಾಸ ಅರಿಯದು. ನನ್ನ ಮಟ್ಟಿಗೆ ಪಿಎಸ್‌ಆರ್‌ನ ಅತಿ ಕೆಟ್ಟ ಫಲ ಇದೇ: ಅಕಾಡೆಮಿಗೆ ಮಾಡಿದ ಖರ್ಚನ್ನು ಮಿತಿಯಿಂದ ಬಿಟ್ಟು ಪ್ರೋತ್ಸಾಹಿಸುತ್ತದೆ, ಅಲ್ಲಿಂದ ಬಂದವನನ್ನು ಮಾರಲು ಇನ್ನೂ ಹೆಚ್ಚು ಪ್ರೋತ್ಸಾಹಿಸುತ್ತದೆ.

ಲೆಕ್ಕದ ವರ್ಷ ಹೆಚ್ಚಿನ ಕ್ಲಬ್‌ಗಳಿಗೆ ಜೂನ್ 30ಕ್ಕೆ ಮುಗಿಯುವುದರಿಂದ, 2024ರ ಜೂನ್ ಕೊನೆಯಲ್ಲಿ ವಿಚಿತ್ರ ಸಂತೆ ನಡೆಯಿತು. ಆಸ್ಟನ್ ವಿಲ್ಲಾ ತನ್ನ ಕೆಲಿಮನ್‌ನನ್ನು ಚೆಲ್ಸಿಗೆ ಕೊಟ್ಟು ಚೆಲ್ಸಿಯ ಮಾಟ್ಸನ್‌ನನ್ನು ಕೊಂಡಿತು. ಇರೋಗ್ಬುನಮ್‌ನನ್ನು ಎವರ್ಟನ್‌ಗೆ ಮಾರಿ ಎವರ್ಟನ್‌ನ ಡಾಬಿನ್‌ನನ್ನು ಪಡೆಯಿತು. ನ್ಯೂಕಾಸಲ್ ತನ್ನೂರಿನ ಹುಡುಗ ಎಲಿಯಟ್ ಆಂಡರ್ಸನ್‌ನನ್ನು ಬೇಡದ ಮನಸ್ಸಿನಿಂದ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಬಿಟ್ಟುಕೊಟ್ಟಿತು. ಈ ಗಡುವು ಎಷ್ಟು ನಿರ್ದಯ ಎನ್ನುವುದು ಫಾರೆಸ್ಟ್‌ಗೇ ಚೆನ್ನಾಗಿ ಗೊತ್ತಿತ್ತು. ಹಿಂದಿನ ವರ್ಷ ಅದು ಅಕಾಡೆಮಿಯ ಬ್ರೆನ್ನನ್ ಜಾನ್ಸನ್‌ನನ್ನು ಜೂನ್‌ನಲ್ಲಿ ಕಡಿಮೆಗೆ ಮಾರದೆ, ಸೆಪ್ಟೆಂಬರ್ 1ಕ್ಕೆ ಟಾಟೆನ್‌ಹ್ಯಾಮ್‌ಗೆ 47.5 ಮಿಲಿಯನ್‌ಗೆ ಮಾರಿತು. ವ್ಯಾಪಾರದ ದೃಷ್ಟಿಯಲ್ಲಿ ಸರಿ. ಆದರೆ ಎರಡು ಚಾಂಪಿಯನ್‌ಶಿಪ್ ವರ್ಷಗಳಿದ್ದ ಅದರ ಮಿತಿ 35, 13, 13 ಸೇರಿ 61 ಮಾತ್ರ. ನಷ್ಟ ಅದನ್ನು 34.5ರಷ್ಟು ದಾಟಿತ್ತು, ಜಾನ್ಸನ್ ಹಣ ಮುಂದಿನ ವರ್ಷದ ಪುಸ್ತಕಕ್ಕೆ ಹೋಯಿತು. ಶಿಕ್ಷೆ 4 ಅಂಕ.

ಚೆಲ್ಸಿ ಅಭಿಮಾನಿಗಳಿಬ್ಬರೂ ಇದ್ದಾರಲ್ಲ, ಅವರಿಗಾಗಿ: ಅಮಾರ್ಟೈಸೇಶನ್ನನ್ನು ಹಿಗ್ಗಿಸಲು 2023ರಲ್ಲಿ ಮುಡ್ರಿಕ್, ಎನ್ಜೊ ಫೆರ್ನಾಂಡಿಸ್ ಇಬ್ಬರಿಗೂ ಎಂಟೂವರೆ ವರ್ಷದ ಒಪ್ಪಂದ ಕೊಟ್ಟದ್ದು ಚೆಲ್ಸಿ. ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್ಎ ಕೂಡಲೇ ಐದು ವರ್ಷದ ಮಿತಿ ಹಾಕಿತು, ಡಿಸೆಂಬರ್‌ನಲ್ಲಿ ಪ್ರೀಮಿಯರ್ ಲೀಗ್ ಅದನ್ನೇ ಅನುಸರಿಸಿತು. ಈಗಲೂ ಎಂಟು ವರ್ಷದ ಒಪ್ಪಂದ ಮಾಡಬಹುದು, ಬೆಲೆ ಹಂಚುವುದು ಐದಕ್ಕೇ. ಆಮೇಲೆ ಚೆಲ್ಸಿ ಎರಡು ಹೋಟೆಲುಗಳನ್ನು 76.5 ಮಿಲಿಯನ್‌ಗೂ, ಮಹಿಳಾ ತಂಡವನ್ನು 200ಕ್ಕೆ ಹತ್ತಿರದ ಮೊತ್ತಕ್ಕೂ ತನ್ನದೇ ಸೋದರ ಕಂಪನಿಗಳಿಗೆ ಮಾರಿ ಲಾಭ ತೋರಿಸಿತು. ಪ್ರೀಮಿಯರ್ ಲೀಗ್ ಒಪ್ಪಿತು. ಅಂಥ ಮಾರಾಟವನ್ನು ಎಣಿಸದ ಯುಇಎಫ್ಎ 2025ರ ಜುಲೈನಲ್ಲಿ 31 ಮಿಲಿಯನ್ ಯೂರೊ ದಂಡ ಹಾಕಿತು. ಎಡಗೈಯಿಂದ ಬಲಗೈಗೆ ಮಾರಿದ ಹೋಟೆಲಿನಿಂದ ಕ್ಲಬ್ಬಿಗೆ ಹೊಸ ಗಿರಾಕಿ ಬಂದಂತೆ ಆಗಲಿಲ್ಲ ಎನ್ನುವುದನ್ನು ಹೇಳಬೇಕಿಲ್ಲ.

ಪುಸ್ತಕ ಬೆಲೆ ಎಂಬ ಇದೇ ಸಂಖ್ಯೆ ಆಟಗಾರನ ಬದುಕಿನ ದಾರಿಯನ್ನೂ ತಿರುಗಿಸುತ್ತದೆ. ಇದನ್ನು ಅಭಿಮಾನಿಗಳು ಬಹುತೇಕ ಗಮನಿಸುವುದಿಲ್ಲ. ಆಂಟನಿಯನ್ನು ಯುನೈಟೆಡ್ 2022ರಲ್ಲಿ 80 ಮಿಲಿಯನ್ ದಾಟಿದ ಬೆಲೆಗೆ ತಂದಿತು. ಮೂರು ವರ್ಷದ ನಂತರವೂ ಪುಸ್ತಕ ಬೆಲೆ 32-33ರ ಆಸುಪಾಸು ಉಳಿದಿತ್ತು. ಮಾರುಕಟ್ಟೆ ಕೊಡುತ್ತಿದ್ದದ್ದು 20. ಇಂಥ ಸ್ಥಿತಿಯಲ್ಲಿ ಕ್ಲಬ್ ಮೊದಲು ಲೋನ್ ಮೇಲೆ, ಅಂದರೆ ತಾತ್ಕಾಲಿಕವಾಗಿ ಬೇರೆ ಕ್ಲಬ್‌ಗೆ ಕಳಿಸುತ್ತದೆ: ಸಂಬಳದ ಭಾರ ಇಳಿಯುತ್ತದೆ, ಪುಸ್ತಕ ಬೆಲೆ ತಿಂಗಳು ತಿಂಗಳು ಕರಗುತ್ತದೆ, ಅಲ್ಲಿ ಆಡಿದರೆ ಬೆಲೆ ಏರಬಹುದು. 2025ರ ಜನವರಿಯಲ್ಲಿ ಸ್ಪೇನಿನ ಬೆಟಿಸ್‌ಗೆ ಲೋನ್, ಸೆಪ್ಟೆಂಬರ್‌ನಲ್ಲಿ ಮಾರಾಟ. ‘ಆಡಿಸುವುದೂ ಇಲ್ಲ, ಬಿಡುವುದೂ ಇಲ್ಲ’ ಎಂದು ಆಟಗಾರ ಗೊಣಗುವ ಹೆಚ್ಚಿನ ಸಂದರ್ಭಗಳ ಹಿಂದೆ ತರಬೇತುದಾರನ ಹಟಕ್ಕಿಂತ ಈ ಕಳೆಯುವ ಲೆಕ್ಕ ಇರುತ್ತದೆ. ಇದಕ್ಕೆ ವಿರುದ್ಧ ತುದಿಯಲ್ಲಿ ಸ್ಟ್ರೈಕರ್ ಇಸಾಕ್. ನ್ಯೂಕಾಸಲ್ 2022ರಲ್ಲಿ ಸುಮಾರು 60 ಮಿಲಿಯನ್‌ಗೆ ಆರು ವರ್ಷದ ಒಪ್ಪಂದದಲ್ಲಿ ತಂದಿತು. ವರ್ಷಕ್ಕೆ 10ರಂತೆ ಮೂರು ವರ್ಷ ಕಳೆದು ಉಳಿದದ್ದು 30. 2025ರ ಸೆಪ್ಟೆಂಬರ್ 1ಕ್ಕೆ ಲಿವರ್‌ಪೂಲ್ ಕೊಟ್ಟದ್ದು 125. ಪುಸ್ತಕದಲ್ಲಿ 90ಕ್ಕೂ ಮೇಲೆ ಲಾಭ. ಒಪ್ಪಂದದಲ್ಲಿ ಇನ್ನೂ ಮೂರು ವರ್ಷ ಬಾಕಿ ಇದ್ದದ್ದರಿಂದಲೇ ಆ ಬೆಲೆ.

ದ್ರೋಹದ ಪ್ರಶ್ನೆಗೆ ಉತ್ತರ ಇಲ್ಲೇ ಸಿಗುತ್ತದೆ. ಬೆಲೆ ಇರುವುದು ಆಟಗಾರನಿಗಲ್ಲ, ಒಪ್ಪಂದದಲ್ಲಿ ಉಳಿದಿರುವ ವರ್ಷಗಳಿಗೆ. 1995ರ ಡಿಸೆಂಬರ್ 15ರ ಬೋಸ್ಮನ್ ತೀರ್ಪಿನ ನಂತರ ಒಪ್ಪಂದ ಮುಗಿದವನ ಮೇಲೆ ಹಳೆಯ ಕ್ಲಬ್‌ಗೆ ಹಕ್ಕಿಲ್ಲ. ಕೊನೆಯ ಆರು ತಿಂಗಳಲ್ಲಿ ವಿದೇಶಿ ಕ್ಲಬ್ ಜತೆ ಮುಂಗಡ ಸಹಿ ಹಾಕಬಹುದು. ಮೌಂಟ್‌ಗೆ ಒಂದು ವರ್ಷ ಬಾಕಿ ಇತ್ತು, 55 ಬಂತು. ಟ್ರೆಂಟ್ ಅಲೆಕ್ಸಾಂಡರ್ ಆರ್ನಾಲ್ಡ್‌ನ ಒಪ್ಪಂದ 2025ರ ಜೂನ್ 30ಕ್ಕೆ ಮುಗಿಯುವುದಿತ್ತು. ಕ್ಲಬ್ ವಿಶ್ವಕಪ್‌ಗೆಂದು ಒಂದು ತಿಂಗಳು ಮೊದಲೇ ಬಿಡಿಸಿಕೊಳ್ಳಲು ರಿಯಲ್ ಮ್ಯಾಡ್ರಿಡ್ ಕೊಟ್ಟದ್ದು ಸುಮಾರು 10 ಮಿಲಿಯನ್ ಯೂರೊ. ಇಬ್ಬರೂ ಅಕಾಡೆಮಿ ಹುಡುಗರೇ. ಒಂದು ಕ್ಲಬ್ ಎರಡು ವರ್ಷ ಬಾಕಿ ಇರುವಾಗಲೇ ಮಾತುಕತೆ ಮುಗಿಸಬೇಕು, ಇಲ್ಲವೇ ಮಾರಬೇಕು. ಅದು ಆಗದಿದ್ದರೆ ತಪ್ಪು ಆಡಳಿತದ್ದು. ಟ್ರಾನ್ಸ್‌ಫರ್ ಬೆಲೆ ಉಳಿಸಿದ ಹೊಸ ಕ್ಲಬ್ ಅದರ ಒಂದು ಪಾಲನ್ನು ಸಹಿ ಬೋನಸ್ಸಾಗಿ ಆಟಗಾರನಿಗೆ ಕೊಡುತ್ತದೆ. ಮೂವತ್ತೈದರೊಳಗೆ ಮುಗಿಯುವ ವೃತ್ತಿಯಲ್ಲಿ ಅದನ್ನು ಬೇಡ ಎನ್ನಬೇಕೆಂದು ಕೇಳುವುದು ನ್ಯಾಯವಲ್ಲ. ಇಂಗ್ಲೆಂಡಿನೊಳಗೆ 24 ತುಂಬದವನು ಹೀಗೆ ಹೋದರೆ ಬೆಳೆಸಿದ ಕ್ಲಬ್‌ಗೆ ನ್ಯಾಯಮಂಡಳಿ ಪರಿಹಾರ ನಿಗದಿ ಮಾಡುತ್ತದೆ. ಬರ್ನ್‌ಲಿಯಿಂದ ಲಿವರ್‌ಪೂಲ್‌ಗೆ ಹೋದ ಡ್ಯಾನಿ ಇಂಗ್ಸ್‌ಗೆ 2016ರಲ್ಲಿ ನಿಗದಿಯಾದದ್ದು 6.5 ಮಿಲಿಯನ್, ಮೇಲೆ ಷರತ್ತಿನ ಕಂತು.

ದೊಡ್ಡ ಹೆಸರುಗಳ ಆಚೆ ನೋಡಿದರೆ ದ್ರೋಹದ ಮಾತೇ ತಲೆಕೆಳಗಾಗುತ್ತದೆ. ಇಂಗ್ಲೆಂಡಿನ ಹುಡುಗನಿಗೆ 16ಕ್ಕೆ ಎರಡು ವರ್ಷದ ಸ್ಕಾಲರ್‌ಶಿಪ್, 17 ತುಂಬಿದ ಮೇಲೆ ವೃತ್ತಿಪರ ಒಪ್ಪಂದ ಸಾಧ್ಯ. ಕೆಳ ದರ್ಜೆಗಳಲ್ಲಿ ಒಂದು, ಎರಡು ವರ್ಷದ ಒಪ್ಪಂದವೇ ರೂಢಿ. ಸೀಸನ್ ಮುಗಿದ ಕೂಡಲೇ ಕ್ಲಬ್ ಯಾರನ್ನು ಉಳಿಸಿಕೊಳ್ಳುತ್ತದೆ, ಯಾರನ್ನು ಬಿಡುತ್ತದೆ ಎಂಬ ಪಟ್ಟಿ ಹೊರಡಿಸುತ್ತದೆ. ಬಿಟ್ಟವನ ಸಂಬಳ ಜೂನ್ 30ಕ್ಕೆ ನಿಲ್ಲುತ್ತದೆ. ಅವನನ್ನು ಬಿಟ್ಟ ಕ್ಲಬ್ಬನ್ನು ಯಾರೂ ದ್ರೋಹಿ ಎಂದು ಕೂಗುವುದಿಲ್ಲ.

ನಮ್ಮ ಕಡೆಗೆ ತಾಗುವ ಒಂದು ನಿಯಮವನ್ನು ಇಲ್ಲೇ ಹೇಳಿಬಿಡುತ್ತೇನೆ. ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹಣ ಕೊಟ್ಟು ಆಟಗಾರನನ್ನು ಕೊಂಡಾಗ, ಫಿಫಾ ನಿಯಮದಂತೆ ಆ ಹಣದ ಶೇ 5 ಅವನನ್ನು 12ರಿಂದ 23ರ ವಯಸ್ಸಿನ ನಡುವೆ ತಯಾರು ಮಾಡಿದ ಕ್ಲಬ್‌ಗಳಿಗೆ ಹೋಗುತ್ತದೆ. 12ರಿಂದ 15ರ ಪ್ರತಿ ವರ್ಷಕ್ಕೆ ಶೇ 0.25, 16ರಿಂದ 23ರ ಪ್ರತಿ ವರ್ಷಕ್ಕೆ ಶೇ 0.5. ಬೆಂಗಳೂರಿನ ಯಾವುದೋ ಕ್ಲಬ್‌ನಲ್ಲಿ 16, 17, 18ರ ಮೂರು ವರ್ಷ ಕಳೆದವನು ಮುಂದೆ 10 ಮಿಲಿಯನ್ ಯೂರೊಗೆ ಮಾರಾಟವಾದರೆ ಆ ಕ್ಲಬ್‌ಗೆ 1.5 ಲಕ್ಷ ಯೂರೊ. ಷರತ್ತು ಒಂದೇ: ಹುಡುಗ ಆ ವರ್ಷಗಳಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆಯಲ್ಲಿ ಆ ಕ್ಲಬ್ ಹೆಸರಲ್ಲಿ ಸರಿಯಾಗಿ ನೋಂದಣಿಯಾಗಿರಬೇಕು. ಹುಟ್ಟಿದ ದಿನಾಂಕ ತಪ್ಪಿದ್ದರೆ, ನಡುವೆ ಒಂದು ಸೀಸನ್ ನೋಂದಣಿ ಬಿಟ್ಟುಹೋದರೆ ಆ ವರ್ಷದ ಪಾಲಿಲ್ಲ.

ಆದರೆ ಇಂಗ್ಲೆಂಡಿನ ಅಂಕಿಗಳನ್ನು ಕಂಠೀರವಕ್ಕೆ ಹೊದಿಸಬೇಡಿ. ಪ್ರೀಮಿಯರ್ ಲೀಗಿನಲ್ಲಿ 2024-25ರಲ್ಲಿ ಕೊನೆಯ ಸ್ಥಾನದ ಕ್ಲಬ್‌ಗೂ ಲೀಗಿನಿಂದ ಸುಮಾರು 110 ಮಿಲಿಯನ್ ಬಂತು, ಮೊದಲಿನದಕ್ಕೆ 175ರಷ್ಟು. ಇಲ್ಲಿ ಅಂಥ ನೆಲಗಟ್ಟಿಲ್ಲ. ಇಂಡಿಯನ್ ಸೂಪರ್ ಲೀಗ್ ನಡೆಸುವ ಹಕ್ಕಿನ ಒಪ್ಪಂದ ಮುಗಿಯುವ ಹೊತ್ತಿಗೆ ಮುಂದೇನೆಂದು ಗೊತ್ತಾಗದೆ, 2025ರ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನೇ ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಬೇಕಾಯಿತು. ಗೇಟಿನ ಹಣ ಎಷ್ಟೇ ಬಂದರೂ ಪಂದ್ಯಗಳೇ ಇಲ್ಲದ ವರ್ಷವನ್ನು ತುಂಬದು.

ಇಂಗ್ಲೆಂಡಿನಲ್ಲಿರುವ ಗೆಳೆಯನಿಗೆ ಎರಡು ಮಾತು. ಮೊದಲು ಕ್ಲಬ್ಬಿನ ಸದಸ್ಯತ್ವ, ವರ್ಷಕ್ಕೆ ಮೂವತ್ತು ನಲವತ್ತು ಪೌಂಡಿನ ಆಸುಪಾಸು. ಆಮೇಲೆ ಬ್ಯಾಲೆಟ್‌ಗೆ, ಅಂದರೆ ಚೀಟಿ ಎತ್ತಿ ಟಿಕೆಟ್ ಹಂಚುವ ಸರದಿಗೆ, ಅರ್ಜಿ. ಸಿಗದಿದ್ದರೆ ಪಂದ್ಯದ ಹಿಂದಿನ ವಾರ ಕ್ಲಬ್ಬಿನದೇ ಮರುಮಾರಾಟ ಪುಟವನ್ನು ಪದೇ ಪದೇ ನೋಡುವುದು. ಸೀಸನ್ ಟಿಕೆಟ್‌ನವರು ಬರಲಾಗದ ದಿನ ತಮ್ಮ ಸೀಟನ್ನು ಅಲ್ಲಿ ಬಿಡುತ್ತಾರೆ, ಕೊನೆಯ ಎರಡು ಮೂರು ದಿನಗಳಲ್ಲಿ ಹೆಚ್ಚು. ಸಾಮಾಜಿಕ ಜಾಲದಲ್ಲಿ ಯಾರೋ ಕೊಡುವ ಟಿಕೆಟ್ ಬೇಡ. ಅನುಮತಿಯಿಲ್ಲದೆ ಫುಟ್‌ಬಾಲ್ ಟಿಕೆಟ್ ಮರುಮಾರಾಟ ಮಾಡುವುದು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1994ರ ಕಾಯ್ದೆಯಂತೆ ಅಪರಾಧ. ಮಾರಿದವನ ಖಾತೆಯನ್ನು ಕ್ಲಬ್ ರದ್ದು ಮಾಡಿದರೆ ಫೋನಿನಲ್ಲಿರುವ ಟಿಕೆಟ್ ಗೇಟಿನಲ್ಲಿ ತೆರೆಯುವುದೇ ಇಲ್ಲ, ಕೊಟ್ಟ ಹಣವೂ ಬರುವುದಿಲ್ಲ.

ನಿಮ್ಮ ವಾದಕ್ಕೆ ಸ್ವಂತ ಅಂಕಿ ಬೇಕಿದ್ದರೆ ಬ್ರಿಟನ್ನಿನ ಕಂಪನಿ ನೋಂದಣಿ ಕಚೇರಿಯ ತಾಣದಲ್ಲಿ ಎಲ್ಲ ಕ್ಲಬ್‌ಗಳ ವಾರ್ಷಿಕ ಲೆಕ್ಕ ಪುಕ್ಕಟೆ ಸಿಗುತ್ತದೆ. ಜೂನ್‌ಗೆ ವರ್ಷ ಮುಗಿಸುವ ಖಾಸಗಿ ಕ್ಲಬ್‌ಗಳಿಗೆ ಮಾರ್ಚ್ 31 ಗಡುವು. ಮುನ್ನುಡಿಯ ಹೊಗಳಿಕೆ ದಾಟಿ ಟಿಪ್ಪಣಿಗಳಿಗೆ ಹೋಗಿ. ನೌಕರರ ವೆಚ್ಚ, ಆಟಗಾರರ ನೋಂದಣಿಯ ಅಮಾರ್ಟೈಸೇಶನ್, ಆಟಗಾರರ ಮಾರಾಟದ ಲಾಭ ನೋಡಿ. ನಾಲ್ಕನೆಯದು ಅನೇಕರು ಬಿಡುವ ಸಾಲು: ಬೇರೆ ಕ್ಲಬ್‌ಗಳಿಗೆ ಕೊಡಬೇಕಿರುವ ಟ್ರಾನ್ಸ್‌ಫರ್ ಬಾಕಿ. ಕೊಂಡ ಬೆಲೆಯನ್ನು ಮೂರು ನಾಲ್ಕು ಕಂತುಗಳಲ್ಲಿ ಕೊಡುವುದು ವಾಡಿಕೆಯಾದ್ದರಿಂದ, ಲಾಭ ತೋರಿಸುವ ಕ್ಲಬ್ಬಿನ ಕೈಯಲ್ಲಿ ನಗದು ಯಾಕಿಲ್ಲ ಎನ್ನುವುದಕ್ಕೆ ಉತ್ತರ ಅಲ್ಲಿರುತ್ತದೆ.

2026-27ರಿಂದ ಆಟದ ಲೆಕ್ಕ ಬದಲಾಗುತ್ತದೆ. 2025ರ ನವೆಂಬರ್‌ನಲ್ಲಿ ಕ್ಲಬ್‌ಗಳು ಪಿಎಸ್‌ಆರ್ ಬದಲು ಎಸ್‌ಸಿಆರ್ ಎಂಬ ಅನುಪಾತದ ನಿಯಮ ಒಪ್ಪಿದವು, 14 ಮತ ಪರ, 6 ವಿರೋಧ. ತಂಡದ ಸಂಬಳ, ಅಮಾರ್ಟೈಸೇಶನ್, ಏಜೆಂಟ್ ಶುಲ್ಕ ಸೇರಿ ಫುಟ್‌ಬಾಲ್ ಆದಾಯದ ಶೇ 85 ಮೀರಬಾರದು. ಯುರೋಪಿನಲ್ಲಿ ಆಡುವವರಿಗೆ ಯುಇಎಫ್ಎ ಮಿತಿ ಶೇ 70. ಹೋಟೆಲ್ ಮಾರುವ ಚಮತ್ಕಾರಕ್ಕೆ ಇಲ್ಲಿ ಜಾಗವಿಲ್ಲ. ಆಟಗಾರರ ಮಾರಾಟದ ಲಾಭಕ್ಕೆ ಮಾತ್ರ ಇದೆ, ಹಾಗಾಗಿ ಅಕಾಡೆಮಿ ಹುಡುಗರ ಮಾರಾಟ ನಿಲ್ಲುವುದಿಲ್ಲ. ಟಿಕೆಟ್ ವಿಚಾರದಲ್ಲಿ ನಿಮ್ಮ ಮೊದಲ ಗೆಳೆಯನ ವಾದಕ್ಕೆ ಇದರಿಂದ ಸ್ವಲ್ಪ ಬಲ ಬರುತ್ತದೆ: ಮಿತಿ ಈಗ ನೇರವಾಗಿ ಆದಾಯಕ್ಕೆ ಕಟ್ಟಿದ್ದರಿಂದ, ಹೆಚ್ಚು ಗಳಿಸಿದ ಪ್ರತಿ ಪೌಂಡಿಗೆ 85 ಪೆನ್ಸ್ ಖರ್ಚು ಮಾಡಲು ಅವಕಾಶ ಸಿಗುತ್ತದೆ, ಕ್ಲಬ್‌ಗಳು ಈ ಮಾತನ್ನು ದರ ಏರಿಕೆಯ ಪತ್ರಗಳಲ್ಲಿ ಖಂಡಿತ ಬರೆಯುತ್ತವೆ. ಮೇಲೆ ಕಂಡ ಶೇ 5ರ ಏರಿಕೆಗೆ ಇದನ್ನು ಹಚ್ಚಿ ನೋಡಿ. 14.6 ಲಕ್ಷದ ಶೇ 85 ಎಂದರೆ 12.4 ಲಕ್ಷ ಪೌಂಡ್. ವಾರಕ್ಕೆ 24,000 ಪೌಂಡ್ ಸಂಬಳದ ಒಬ್ಬ ಆಟಗಾರ, ಅದೂ ಅವನನ್ನು ಕೊಳ್ಳುವ ಬೆಲೆ ಬಿಟ್ಟು. ಬೆಂಚಿನ ಮೇಲೆ ಕೂರುವ ಬದಲಿ ಗೋಲ್‌ಕೀಪರ್ ಆ ಹಣಕ್ಕೆ ಸಿಗಬಹುದು.